ಹೆಬ್ಬಾತಿಗೆ ದನಿ ಹುಡುಕಿದವರು

ಅವರು ನನಗೆ ಕಲಿಸಿದ ಮೊದಲ ಪಾಠ ಹೆಬ್ಬಾತಿನ ಕೊಕ್ಕು ನೋಡುವುದು. ಕೆಲಸಕ್ಕೆ ಸೇರಿದ ದಿನ ಬೆಳಿಗ್ಗೆ, ನನ್ನ ಕುರ್ಚಿ ಯಾವುದು ಎಂದು ಕೂಡ ತೋರಿಸದೆ, ಟೀವಿಯ ಮುಂದೆ ನಿಲ್ಲಿಸಿ ಶಬ್ದ ಪೂರ್ತಿ ತೆಗೆದುಬಿಟ್ಟರು. ರೈಲ್ವೆ ಸ್ಟೇಷನ್ನಿನ ಕಿಟಕಿಯಲ್ಲಿ ಕೂತು ಟಿಕೆಟ್ ಕೊಡುವ ಒಂದು ಹೆಬ್ಬಾತಿನ ಕಾರ್ಟೂನು ಅದು. "ಎಷ್ಟು ಸಲ ಬಾಯಿ ಬಿಡ್ತು ಎಣಿಸವ್ವ" ಅಂದರು. ನಾನು ಹದಿನಾಲ್ಕು ಅಂದೆ. ಅವರು ಟೇಪು ಹಿಂದಕ್ಕೆ ಓಡಿಸಿ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾ ಹದಿನಾರು ಎಂದು ತೋರಿಸಿದರು. ಕೊನೆಯ ಎರಡು ಹೆಬ್ಬಾತು ಬೆನ್ನು ತಿರುಗಿಸಿದ ಮೇಲೆ, ಬರೀ ಕುತ್ತಿಗೆಯ ಅಲುಗಾಟದಲ್ಲಿದ್ದವು. ಅಷ್ಟಕ್ಕೂ ಜರ್ಮನ್ ಮಾತು ಹೊಂದಿಸಬೇಕು, ಇಲ್ಲದಿದ್ದರೆ ಮಕ್ಕಳು ತಪ್ಪು ಹಿಡಿದುಬಿಡುತ್ತಾರೆ ಎಂದು ಹೇಳಿ, ಆಮೇಲೆ ನನ್ನ ಕುರ್ಚಿ ತೋರಿಸಿದರು.

ಇದು ಡಾಟ್‌ಕಾಮ್ ಕಾಲದ ಮಾತು. ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ ಊರಿನ ಪುಟ್ಟ ಡೌನ್‌ಟೌನಿನಲ್ಲಿ, ಒಂದು ಕಾರ್ಪೆಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಒಟ್ಟು ಏಳು ಜನ. ಜರ್ಮನ್ ಭಾಷೆಯಲ್ಲಿ ಇಡೀ ದಿನ ಮಕ್ಕಳಿಗೆ ಕಾರ್ಟೂನು ತೋರಿಸುವ ಒಂದು ಟೀವಿ ಚಾನೆಲ್ಲು ಜರ್ಮನಿಯಲ್ಲಿತ್ತು, ಅದಕ್ಕೆ ಬೇಕಾದ ಕಾರ್ಟೂನುಗಳನ್ನು ಹಳೆಯ ಅಮೆರಿಕನ್ ಉಗ್ರಾಣಗಳಿಂದ ತಂದು, ಚಿತ್ರ ಒಂದು ಕಡೆ, ಜರ್ಮನ್ ಶಬ್ದ ಒಂದು ಕಡೆ ಬಿದ್ದಿದ್ದನ್ನು ಜೋಡಿಸಿ, ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ಮುಂದೆ ಇದೆಲ್ಲ ಇಂಟರ್ನೆಟ್ಟಿನಲ್ಲಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಆಗ ಹಾಗೆ ಹೇಳಿದರೆ ಸಾಕಿತ್ತು.

ಆ ಆಫೀಸಿನ ಮುಖ್ಯಸ್ಥರು ಅವರು. ಅವರ ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಇದ್ದಾರೆ, ಒಳ್ಳೆಯ ಹೆಂಗಸು. ಮಂಡ್ಯದ ಕಡೆಯವರು ಎಂದರೆ ಸಾಕು. ಇಪ್ಪತ್ತನೇ ವಯಸ್ಸಿಗೆ ಅಚ್ಚಿನ ಯಂತ್ರ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ ಕಲಿಯಲೆಂದು ಜರ್ಮನಿಗೆ ಹೋದವರು, ಅಲ್ಲೇ ಇಪ್ಪತ್ತೈದು ವರ್ಷ ಉಳಿದು, ಹೇಗೋ ಯಂತ್ರದಿಂದ ಟೀವಿಗೆ ಬಂದು, ಚಾನೆಲ್ಲಿನ ಪರವಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದರು. ನಮ್ಮೆಲ್ಲರ ಕನ್ನಡದಲ್ಲಿ ಆಫೀಸು, ಮೀಟಿಂಗು, ಡೆಡ್‌ಲೈನು ತುಂಬಿಕೊಂಡಿದ್ದರೆ ಅವರ ಕನ್ನಡ ಊರು ಬಿಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ನಡುವೆ ಪದ ಸಿಗದಿದ್ದರೆ ಜರ್ಮನ್ ಬರುತ್ತಿತ್ತೇ ಹೊರತು ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಸರ್ ಎಂದಾಗ ಒಪ್ಪಲಿಲ್ಲ. ಅಣ್ಣ ಅನ್ನು ಎಂದರು. ಹಾಗೇ ಅಂದೆ.

ನಾನು ಹಾಸನದವಳು. ಬೆಂಗಳೂರಿನ ಒಂದು ಯಂತ್ರದ ಕಾರ್ಖಾನೆಯಲ್ಲಿ ಜರ್ಮನ್ ಕೈಪಿಡಿಗಳನ್ನು ಇಂಗ್ಲಿಷಿಗೆ ಮಾಡುತ್ತಿದ್ದೆ. ಗಂಡನ ಕೆಲಸದ ಹಿಂದೆ ಬಂದವಳಿಗೆ ಇಲ್ಲಿ ಯಾರು ಜರ್ಮನ್ ಕೇಳುತ್ತಾರೆ ಎಂದುಕೊಂಡಿದ್ದೆ. ಕನ್ನಡ ಕೂಟದ ಪಾಟ್‌ಲಕ್ಕು ಊಟದಲ್ಲಿ ಯಾರೋ ಪರಿಚಯ ಮಾಡಿಸಿದರು. ಅವರು ತಟ್ಟೆ ಹಿಡಿದುಕೊಂಡೇ ಜರ್ಮನ್‌ನಲ್ಲಿ ಹತ್ತು ನಿಮಿಷ ಮಾತಾಡಿಸಿ, ತಟ್ಟೆ ಇಡುವ ಹೊತ್ತಿಗೆ ಕೆಲಸ ಕೊಟ್ಟಿದ್ದರು. ವೀಸಾ ಕೂಡ ಕಂಪನಿಯೇ ಮಾಡಿಸಿತು. ಗಂಡನ ಹೆಸರಿನಡಿ ಇದ್ದವಳು ನನ್ನ ಹೆಸರಿನಲ್ಲೇ ಕೆಲಸ ಮಾಡುವವಳಾದೆ. ಆ ಕಾಗದ ಬಂದ ದಿನ ನಾನು ಅದನ್ನು ಎರಡು ಸಲ ಓದಿದ್ದೆ.

ಜರ್ಮನ್ ಮಾತನ್ನು ಕೊಕ್ಕಿಗೆ ಕೂರಿಸುವುದರಲ್ಲಿ ಒಂದು ತೊಂದರೆ ಇತ್ತು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದುಬಿಡುತ್ತದೆ, ಜರ್ಮನ್‌ನಲ್ಲಿ ಬಹಳ ಸಲ ಕೊನೆಗೆ. ಹೆಬ್ಬಾತು ಬಾಯಿ ಮುಚ್ಚಿದ ಮೇಲೆ ಮುಖ್ಯವಾದ ಮಾತು ಹೊರಬೀಳುತ್ತಿತ್ತು. ನಮ್ಮ ಆಫೀಸಿನ ಅಮೆರಿಕನ್ನರು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿದ್ದರು. ಅಣ್ಣ ಮಾತ್ರ ನಗುತ್ತಿದ್ದರು. ಕನ್ನಡದಲ್ಲೂ ಕ್ರಿಯಾಪದ ಕೊನೆಗೇ ತಾನೆ, ನಾವು ಹುಟ್ಟಿದಾಗಿನಿಂದ ಕೊನೇವರೆಗೂ ಕಾಯುವವರು, ಅದಕ್ಕೇ ನಮಗೆ ಇದು ಸಲೀಸು ಎನ್ನುತ್ತಿದ್ದರು. ಒಂದು ಸಾಲು ಕೂರದೇ ಹೋದರೆ ಮೊದಲು ಅದನ್ನು ಮಂಡ್ಯದ ಕನ್ನಡದಲ್ಲಿ ಹೇಳಿ ನೋಡುತ್ತಿದ್ದರು. ಅಲ್ಲಿ ಕೂತರೆ ಜರ್ಮನ್‌ನಲ್ಲೂ ಕೂರುತ್ತಿತ್ತು. ಇದು ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಕೂರುತ್ತಿತ್ತು.

ಅವರು ಯಾವ ಕಾಗದ ಓದಿದರೂ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ಜರ್ಮನಿಯಿಂದ ಬಂದ ಮೀಟಿಂಗಿನ ವರದಿಯ ಪಕ್ಕದಲ್ಲಿ "ಇವನಿಗೆ ಏನೂ ಗೊತ್ತಿಲ್ಲ" ಅಂತಲೋ "ಹೂಂ ಅಂದು ಸುಮ್ಮನಿರಬೇಕು" ಅಂತಲೋ ಇರುತ್ತಿತ್ತು. ಆಫೀಸಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಕಡತ ನನ್ನ ಮೇಜಿಗೆ ಬಂದಾಗ ಅಂಚು ಓದಿ ಒಳಗೊಳಗೇ ನಗುತ್ತಿದ್ದೆ. ಅವರು ದೂರದಿಂದ ನೋಡಿ ಹುಬ್ಬು ಹಾರಿಸುತ್ತಿದ್ದರು.

ದೀಪಾವಳಿಗೆ ಕ್ಯುಪರ್ಟಿನೋದ ಒಬ್ಬ ಸ್ನೇಹಿತರ ಮನೆಯಲ್ಲಿ ಎಲ್ಲ ಸೇರಿದ್ದಾಗ, ಅವರು ಜರ್ಮನ್ ಟೇಪೊಂದನ್ನು ಹಾಕಿ ಶಬ್ದ ತೆಗೆದು, ಹೆಬ್ಬಾತಿಗೆ ತಾವೇ ಕನ್ನಡ ಮಾತಾಡಿದರು. "ಟಿಕೀಟಿಲ್ದೆ ಎಲ್ಗ್ ಓಡ್ತಿದ್ದೀಯ, ನಿಂತ್ಕಳ್ಲಾ" ಎಂದು ಹೆಬ್ಬಾತು ನರಿಯನ್ನು ಗದರಿಸಿದಾಗ ಅಲ್ಲಿದ್ದ ಮಕ್ಕಳೆಲ್ಲ ನೆಲಕ್ಕೆ ಬಿದ್ದು ನಕ್ಕವು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು ಅವು. ಎರಡನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಒಂದು ವಾರ ಎಲ್ಲರನ್ನೂ "ನಿಂತ್ಕಳ್ಲಾ" ಎನ್ನುತ್ತಾ ಓಡಾಡಿದಳು. ಇದೆಲ್ಲ ಮುಗಿದ ಮೇಲೆ ಕನ್ನಡದಲ್ಲೂ ಮಕ್ಕಳಿಗೆ ಇಂಥದ್ದೊಂದು ಚಾನೆಲ್ಲು ಮಾಡೋಣ ಎಂದು ಅವತ್ತು ಹೇಳಿದರು. ನಾನು ನಂಬಿದೆ. ಆ ಕಾಲದಲ್ಲಿ ಅದಕ್ಕಿಂತ ಹುಚ್ಚು ಯೋಜನೆಗಳಿಗೆ ಹಣ ಸಿಗುತ್ತಿತ್ತು.

ಚಾನೆಲ್ಲಿನ ಕತೆಯನ್ನು ಅವರ ಬಾಯಲ್ಲೇ ಕೇಳಬೇಕಿತ್ತು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಕಾರಿನಲ್ಲಿ ತುಂಡು ತುಂಡಾಗಿ ಹೇಳುತ್ತಿದ್ದರು. ಮೊದಲು ಅದಕ್ಕೆ ಸ್ವಂತ ಜಾಗವೇ ಇರಲಿಲ್ಲವಂತೆ. ಇನ್ನೊಂದು ಚಾನೆಲ್ಲಿನ ಬೆಳಗಿನ ಖಾಲಿ ಹೊತ್ತು ಎರಡು ಗಂಟೆ ಕೇಳಿ ಪಡೆದು ಶುರು ಮಾಡಿದ್ದು. ಮೊದಲ ದಿನದ ಮೊದಲ ಕಾರ್ಟೂನು ಶಬ್ದವೇ ಇಲ್ಲದೆ ಪೂರ್ತಿ ಓಡಿಬಿಟ್ಟಿತಂತೆ. ಒಂದು ಫೋನೂ ಬರಲಿಲ್ಲ. ನೋಡುವವರೇ ಇಲ್ಲ ಎಂದು ಇವರೆಲ್ಲ ತಲೆ ಮೇಲೆ ಕೈಹೊತ್ತು ಕೂತಿದ್ದರಂತೆ. ಎಷ್ಟೋ ದಿನದ ಮೇಲೆ ಮಕ್ಕಳ ಕಾಗದಗಳು ಬರತೊಡಗಿದಾಗ, ಮಕ್ಕಳು ಅದನ್ನು ನೋಡಿದ್ದರು, ಹಾಗೇ ಇರಬೇಕೇನೋ ಎಂದು ಸುಮ್ಮನಿದ್ದರು ಎಂದು ಗೊತ್ತಾಯಿತು. ಆಮೇಲೆ ಉಪಗ್ರಹ ಬಂತು, ಟೀವಿಯ ಮೇಲೆ ಕೂರುವ ಡಬ್ಬ ಬಂತು, ದಿನವಿಡೀ ಓಡುವ ಚಾನೆಲ್ಲಾಯಿತು, ಕೊನೆಗೆ ಇಂಟರ್ನೆಟ್ಟಿನ ಆಸೆ ಹಿಡಿದು ಕ್ಯಾಂಪ್‌ಬೆಲ್‌ನ ಕಾರ್ಪೆಟ್ ಅಂಗಡಿಯ ಮೇಲಿನವರೆಗೂ ಬಂತು.

ಅವರೆಂಥ ಮನುಷ್ಯ ಎಂದು ನನಗೆ ನಾನೇ ಹೇಳಿಕೊಳ್ಳುವಾಗ ಮೊದಲು ನೆನಪಾಗುವುದು ಹೆಬ್ಬಾತಿನ ದನಿಯ ವಿಷಯ. ಆ ಕಾರ್ಟೂನಿನ ಜರ್ಮನ್ ರೂಪ ಬಹಳ ಹಿಂದೆಯೇ ಆಗಿತ್ತು. ಆದರೆ ಕೊನೆಯ ಮೂರು ಕಂತುಗಳ ಜರ್ಮನ್ ಶಬ್ದ ಎಲ್ಲೋ ಕಳೆದುಹೋಗಿತ್ತು. ಜರ್ಮನಿಯ ಆಫೀಸಿನವರು ಬೇರೆ ಯಾರದೋ ದನಿ ಹಾಕಿ ತೋರಿಸಿಬಿಟ್ಟರು. ಸ್ವಲ್ಪ ದಿನಕ್ಕೆ ಒಂದು ಕಾಗದ ಬಂತು. ಎಂಟು ವರ್ಷದ ಹುಡುಗಿ ಹೇಳಿ ಅವಳಮ್ಮ ಬರೆದದ್ದು. ಇದು ಬೇರೆ ಹೆಬ್ಬಾತು, ನಮ್ಮ ಹೆಬ್ಬಾತು ಎಲ್ಲಿ ಹೋಯಿತು ಎಂದು ಕೇಳಿದ್ದಳು. ಮಗಳಿಗೆ ಕಣ್ಣು ಕಾಣುವುದಿಲ್ಲ, ಅವಳು ಕಾರ್ಟೂನು ಕೇಳುತ್ತಾಳೆ ಎಂದು ಕೆಳಗೆ ತಾಯಿ ಒಂದು ಸಾಲು ಸೇರಿಸಿದ್ದರು.

ಇಂಥ ಕಾಗದಗಳಿಗೆ ಕಳಿಸಲು ಅಚ್ಚಾದ ಉತ್ತರವೊಂದು ಇತ್ತು. ಅವರು ಅದನ್ನು ಕಳಿಸಲಿಲ್ಲ. ಓದಲಾಗದ ಮಗುವಿಗೆ ಕಾಗದ ಯಾಕೆ ಎಂದು ಒಂದು ಕ್ಯಾಸೆಟ್ಟಿನಲ್ಲಿ ತಮ್ಮ ದನಿಯಲ್ಲೇ ಉತ್ತರ ಹೇಳಿದರು. ಹೆಬ್ಬಾತು ರಜೆ ಮೇಲೆ ಹೋಗಿದೆ, ಬೇಸಿಗೆ ಮುಗಿಯುವುದರೊಳಗೆ ಕರೆದುಕೊಂಡು ಬರುತ್ತೇನೆ ಎಂದು. ಆಮೇಲೆ ನನ್ನನ್ನು ಕೂರಿಸಿಕೊಂಡು ಹುಡುಕಿದರು. ಆ ದನಿ ಕೊಟ್ಟ ನಟಿ ಬದುಕಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ಆಫೀಸಿಗೆ ಬಂದವರೇ, ಜರ್ಮನಿಯಲ್ಲಿ ರಾತ್ರಿಯಾಗುವುದರೊಳಗೆ ಎಂದು ಎರಡು ಮೂರು ಫೋನು ಮಾಡುತ್ತಿದ್ದರು. ನಾಟಕ ಮಂದಿರಗಳಿಗೆ, ರೇಡಿಯೋದವರಿಗೆ, ಒಂದು ಸಲ ಒಬ್ಬ ಕೇಶ ವಿನ್ಯಾಸಕಿಗೆ ಕೂಡ. ಕೊನೆಗೆ ಉತ್ತರ ಜರ್ಮನಿಯ ಒಂದು ವೃದ್ಧಾಶ್ರಮದಲ್ಲಿ ಆಕೆ ಸಿಕ್ಕರು. ಎಂಬತ್ತು ದಾಟಿದ್ದ ಮುದುಕಿ, ಕೆಮ್ಮು. ಹತ್ತಿರದ ರೇಡಿಯೋ ಕೇಂದ್ರದವರನ್ನು ಒಪ್ಪಿಸಿ ಆಕೆಯ ಕೋಣೆಯಲ್ಲೇ ಧ್ವನಿಮುದ್ರಣದ ಏರ್ಪಾಟಾಯಿತು. ಇಲ್ಲಿಂದ ಫೋನಿನಲ್ಲಿ ನಾನು ಸಾಲು ಓದಬೇಕು, ಅಲ್ಲಿ ಆಕೆ ಹೇಳಬೇಕು. ಪ್ರತಿ ನಾಲ್ಕು ಸಾಲಿಗೊಮ್ಮೆ ಕೆಮ್ಮು ಬರುತ್ತಿತ್ತು. ಅಣ್ಣ ಪಕ್ಕದಲ್ಲಿ ನಿಂತು, ಅವಸರ ಮಾಡಬೇಡ ಎಂದು ನನಗೆ ಕೈಸನ್ನೆ ಮಾಡುತ್ತಿದ್ದರು. ಮೂರು ಕಂತಿಗೆ ಒಂಬತ್ತು ಬೆಳಗು ಹಿಡಿಯಿತು. ಬೇಸಿಗೆ ಮುಗಿಯಲು ಇನ್ನೂ ವಾರವಿದೆ ಎನ್ನುವಾಗ ಹಳೆಯ ಹೆಬ್ಬಾತು ವಾಪಸು ಬಂತು. ಆ ಹುಡುಗಿಯಿಂದಲೂ ಒಂದು ಕ್ಯಾಸೆಟ್ಟು ಬಂತು. ಅದರಲ್ಲಿ ಬರೀ ನಗು. ಅವರು ಅದನ್ನು ಆಫೀಸಿನ ಎಲ್ಲರಿಗೂ ಕೇಳಿಸಿ, ಕೊನೆಗೆ ಕಿಟಕಿ ಕಡೆ ತಿರುಗಿ ನಿಂತರು.

ಇಂಥವರು ಮಾತು ಕೊಟ್ಟರೆ ಯಾರು ನಂಬುವುದಿಲ್ಲ?

ಮರುವರ್ಷ ಗಾಳಿ ಬದಲಾಯಿತು. ನನ್ನ ಗಂಡ ಇಂಟರ್ನೆಟ್ಟಿನಲ್ಲಿ ಗ್ರೀಟಿಂಗ್ ಕಾರ್ಡು ಮಾಡುವ ಕಂಪನಿಯಲ್ಲಿದ್ದ. ಒಂದು ಮಂಗಳವಾರ ಹನ್ನೊಂದು ಗಂಟೆಗೆ ರಟ್ಟಿನ ಪೆಟ್ಟಿಗೆ ಹಿಡಿದು ಮನೆಗೆ ಬಂದ. ಕೆಲಸ ಹೋದರೆ ವೀಸಾವೂ ಹೋಯಿತು. ಅವನು ನನ್ನ ವೀಸಾದ ನೆರಳಿಗೆ ಬಂದ. ಕ್ಯುಪರ್ಟಿನೋದ ಅಪಾರ್ಟ್‌ಮೆಂಟು, ಮಗಳ ಸ್ಕೂಲು, ಈ ದೇಶದಲ್ಲಿ ನಾವು ಇರುವುದು, ಎಲ್ಲವೂ ಕಾರ್ಪೆಟ್ ಅಂಗಡಿಯ ಮೇಲಿನ ನನ್ನ ಕುರ್ಚಿಯ ಮೇಲೆ ನಿಂತಿತು.

ಆಗ ಫಾಸ್ಟರ್ ಸಿಟಿಯ ಒಂದು ಔಷಧ ಕಂಪನಿಯಿಂದ ನನಗೆ ಕರೆ ಬಂತು. ಜರ್ಮನಿಯ ಆಸ್ಪತ್ರೆಗಳ ವರದಿಗಳನ್ನು ಓದಿ ಇಂಗ್ಲಿಷಿಗೆ ಮಾಡುವವರು ಬೇಕಿತ್ತು. ಎರಡು ಸಲ ಮಾತಾಡಿಸಿ, ಕೆಲಸ ನಿನಗೇ, ವೀಸಾವನ್ನೂ ನಮ್ಮಲ್ಲಿಗೆ ಬದಲಾಯಿಸಿಕೊಳ್ಳುತ್ತೇವೆ ಎಂದರು. ಅಲ್ಲಿ ಹೆಬ್ಬಾತು ಇರಲಿಲ್ಲ, ಆದರೆ ದೊಡ್ಡ ಕಂಪನಿ, ಕಾಯಿಲೆ ಇರುವವರೆಗೂ ಮುಚ್ಚದಂಥದ್ದು. ನನ್ನ ಗಂಡ ಹೋಗು ಎಂದ. ನಾನು ಅಣ್ಣನನ್ನು ಒಂದು ಮಾತು ಕೇಳುತ್ತೇನೆ ಎಂದೆ.

ಆಫೀಸಿನ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ, ಅವರ ಕಾರಿನ ಪಕ್ಕ ನಿಂತು ಕೇಳಿದೆ. ಗಂಡನ ಕೆಲಸ ಹೋದದ್ದು ಅವರಿಗೆ ಗೊತ್ತಿತ್ತು. ಇಲ್ಲಿಯ ಸುದ್ದಿ ಸರಿಯಿಲ್ಲ ಎಂದು ಎಲ್ಲರೂ ಹೇಳುತ್ತಿದ್ದಾರೆ, ನಿಜ ಹೇಳಿ, ನಾನು ಹೋಗಬೇಕಾ ಇರಬೇಕಾ ಎಂದೆ. ಅವರು ಕಾರಿನ ಮೇಲೆ ಗೆಣ್ಣಿನಿಂದ ಎರಡು ಸಲ ಕುಟ್ಟಿದರು.

"ಯಾಕವ್ವ ಹೋಯ್ತೀಯ? ನಾನಿಲ್ವಾ? ಈ ಕ್ಯಾಟಲಾಗು ಒಂದು ಮುಗೀಲಿ, ನಿನ್ನ ಗ್ರೀನ್ ಕಾರ್ಡಿನ ಕಾಗದ ನಾನೇ ಕೈಯಾರ ಕಳಿಸ್ತೀನಿ."

ನಾನು ಮರುದಿನ ಫಾಸ್ಟರ್ ಸಿಟಿಗೆ ಫೋನು ಮಾಡಿ ಬರುವುದಿಲ್ಲ ಎಂದೆ. ಆ ಕಡೆಯ ಹೆಂಗಸು ಎರಡು ಸಲ ಕೇಳಿದಳು, ನಿಶ್ಚಯವಾ ಎಂದು. ನಿಶ್ಚಯ ಎಂದೆ.

ಕ್ಯಾಟಲಾಗು ಎಂದರೆ ಚಾನೆಲ್ಲಿನಲ್ಲಿದ್ದ ಪ್ರತಿ ಕಾರ್ಟೂನಿನ ಚಿತ್ರ ಎಲ್ಲಿದೆ, ಜರ್ಮನ್ ಶಬ್ದ ಎಲ್ಲಿದೆ, ಯಾವುದು ಯಾವುದಕ್ಕೆ ಹೊಂದುತ್ತದೆ ಎನ್ನುವ ಪೂರ್ತಿ ಪಟ್ಟಿ. ಜರ್ಮನ್ ಕೇಳಿಸಿಕೊಂಡು, ಕೊಕ್ಕು ನೋಡಿ, ಕಂಪ್ಯೂಟರಿನಲ್ಲಿ ಕೂಡಿಸಬಲ್ಲವಳು ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಆ ನಾಲ್ಕು ತಿಂಗಳು ನಾನು ಕೆಲಸ ಮಾಡಿದಂತೆ ಮುಂದೆ ಯಾವತ್ತೂ ಮಾಡಲಿಲ್ಲ. ಅವರು ಆಗಾಗ ನನ್ನ ಮೇಜಿನ ಮೇಲೆ ಒಂದು ಕಿತ್ತಳೆ ಹಣ್ಣು ಇಟ್ಟು ಹೋಗುತ್ತಿದ್ದರು. ಒಂದು ಶನಿವಾರ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊಕ್ಕು ಎಣಿಸುವುದು ಕಲಿಸಿದರು. ಅವಳು ನನಗಿಂತ ಬೇಗ ಕಲಿತಳು.

ಕ್ಯಾಟಲಾಗು ಮುಗಿಯುವ ಹೊತ್ತಿಗೆ ಇನ್ನೊಂದು ಕೆಲಸ ಬಂತು. ಚಾನೆಲ್ಲಿನ ಹುಟ್ಟುಹಬ್ಬಕ್ಕೆ ಅದರ ಇತಿಹಾಸದ ಒಂದು ಸಣ್ಣ ಪುಸ್ತಕ ತರುತ್ತಾರಂತೆ, ಅದರ ಕರಡು ನೀನೇ ಜರ್ಮನ್‌ನಲ್ಲಿ ಬರೆ ಎಂದರು. ನನಗೆ ಅದು ಬಹುಮಾನದಂತೆ ಅನಿಸಿತು. ಕಾರಿನಲ್ಲಿ ಕೇಳಿದ ಕತೆಗಳನ್ನೆಲ್ಲ ಬರೆದೆ. ಶಬ್ದವಿಲ್ಲದ ಮೊದಲ ದಿನ, ಮಕ್ಕಳ ಕಾಗದಗಳು, ಉಪಗ್ರಹ, ಹೆಬ್ಬಾತಿನ ನಟಿ. ಕೊನೆಯ ಭಾಗಕ್ಕೆ ವಿವರ ಬೇಕಿತ್ತು. ಕೇಳಿದಾಗ ಅವರು ತಮ್ಮ ಕೋಣೆಯಿಂದ ಕಾಗದ ತುಂಬಿದ ಒಂದು ಪೆಟ್ಟಿಗೆ ತಂದು ನನ್ನ ಕಾಲ ಬಳಿ ಇಟ್ಟು, ಬೇಕಾದ್ದು ತಗೋ ಎಂದರು.

ಅರ್ಧ ಪೆಟ್ಟಿಗೆ ದಾಟಿದ ಮೇಲೆ ಒಂದು ಫ್ಯಾಕ್ಸು ಸಿಕ್ಕಿತು. ಜರ್ಮನಿಯಿಂದ ಬಂದದ್ದು, ಎರಡೇ ಪ್ಯಾರಾ. ಕ್ಯಾಟಲಾಗು ಮುಗಿದ ಕೂಡಲೇ ಕ್ಯಾಲಿಫೋರ್ನಿಯಾದ ಆಫೀಸು ಮುಚ್ಚುವುದು ಎಂದು ತೀರ್ಮಾನವಾಗಿದೆ. ಕ್ಯಾಟಲಾಗು ಪೂರ್ತಿಯಾಗಿ ಕೈಗೆ ಬಂದರೆ ಅಣ್ಣನಿಗೆ ಮುಖ್ಯ ಕಚೇರಿಯಲ್ಲಿ ಕಾರ್ಯಕ್ರಮ ವಿಭಾಗದ ಹುದ್ದೆ. ಮೇಲೆ ತಾರೀಕು ಇತ್ತು. ನಾನು ಪಾರ್ಕಿಂಗ್ ಲಾಟಿನಲ್ಲಿ ನಿಂತು ಕೇಳಿದ್ದಕ್ಕಿಂತ ಮೂರು ವಾರ ಮುಂಚಿನದು. ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಒಂದು ಸಾಲು. "ಹುಡುಗೀಗೆ ಈಗಲೇ ತಿಳಿಸುವುದು ಬೇಡ."

ಆ ಕಟ್ಟಡದಲ್ಲಿ, ಬಹುಶಃ ಆ ಬೀದಿಯಲ್ಲೇ, ಅದನ್ನು ಓದಬಲ್ಲ ಎರಡನೆಯ ವ್ಯಕ್ತಿ ನಾನು.

ಕೆಳಗೆ ಅಂಗಡಿಯವರು ಕಾರ್ಪೆಟ್ಟಿನ ಸುರುಳಿ ಎತ್ತಿಹಾಕುವ ಸದ್ದು ಕೇಳಿಸುತ್ತಿತ್ತು. ಎದ್ದು ಹೋಗಿ ಆ ಕಾಗದವನ್ನು ಅವರ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ತಮ್ಮದೇ ಅಕ್ಷರವನ್ನು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಕನ್ನಡಕ ತೆಗೆದು, ಇದೆಲ್ಲ ಇನ್ನೂ ಗಟ್ಟಿಯಾಗಿಲ್ಲ, ಅಲ್ಲಿಯವರು ದಿನಕ್ಕೊಂದು ಹೇಳುತ್ತಾರೆ ಎಂದರು. ಅವರು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ನನ್ನ ಮಗಳ ಹೆಸರು ಹಿಡಿದು, ಅವಳನ್ನು ನೋಡಿಕೊಳ್ಳೋದು ನನಗೂ ಗೊತ್ತು ಎಂದರು. ಆಗ ನಾನು ಕೋಣೆಯಿಂದ ಹೊರಗೆ ಬಂದೆ.

ಫಾಸ್ಟರ್ ಸಿಟಿಗೆ ಫೋನು ಮಾಡಿದೆ. ಅದೇ ಹೆಂಗಸು. ಆ ಜಾಗಕ್ಕೆ ಬೇರೆಯವರು ಬಂದಾಯಿತು, ಈಗ ಹೊಸಬರನ್ನು ತೆಗೆದುಕೊಳ್ಳುವುದೇ ನಿಂತಿದೆ ಎಂದಳು. ಅವಳ ದನಿಯಲ್ಲಿ ಕರುಣೆ ಇತ್ತು, ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಎರಡು ವಾರಕ್ಕೆ ಆಫೀಸು ಮುಚ್ಚಿತು. ಕೊನೆಯ ದಿನ ಅವರು ಎಲ್ಲರಿಗೂ ಕೇಕು ತರಿಸಿ, ಜರ್ಮನ್‌ನಲ್ಲಿ, ಇಂಗ್ಲಿಷಿನಲ್ಲಿ ಮಾತಾಡಿದರು. ಕನ್ನಡದಲ್ಲಿ ಆಡಲಿಲ್ಲ. ನಾನು ಕ್ಯಾಟಲಾಗು ಪೂರ್ತಿ ಮಾಡಿ ಕೊಟ್ಟಿದ್ದೆ, ಇತಿಹಾಸದ ಕರಡನ್ನೂ ಕೊಟ್ಟಿದ್ದೆ. ಯಾಕೆ ಕೊಟ್ಟೆ ಎಂದು ನನ್ನ ಗಂಡ ಕೇಳಿದ. ಅರ್ಧಕ್ಕೆ ಬಿಡುವುದು ಹೇಗೆಂದು ನನಗೆ ಅವರು ಕಲಿಸಿರಲಿಲ್ಲ.

ಮುಂದಿನದು ಅನೇಕರಿಗೆ ಆದದ್ದೇ. ಕೆಲಸ ಹೋದ ಮರುದಿನದಿಂದ ಈ ದೇಶದಲ್ಲಿ ನಾವು ಯಾರು ಎನ್ನುವುದಕ್ಕೆ ಉತ್ತರವಿರಲಿಲ್ಲ. ವಕೀಲರು ಪ್ರವಾಸಿಗಳೆಂದು ಅರ್ಜಿ ಹಾಕಿಸಿದರು. ಐದು ವರ್ಷ ಬಾಳಿದ ಊರಿನಲ್ಲಿ ಪ್ರವಾಸಿಗಳಾಗಿ ಕಾದೆವು. ಕ್ಯುಪರ್ಟಿನೋದ ಮನೆ ಬಿಟ್ಟು ಸ್ಯಾನ್ ಹೋಸೆಯಲ್ಲಿ ಗಂಡನ ಸ್ನೇಹಿತನ ಮನೆಯ ಎರಡು ಕೋಣೆಗೆ ಹೋದೆವು. ಮಗಳ ಸ್ಕೂಲು ಬದಲಾಯಿತು. ಹೊಸ ಸ್ಕೂಲಿನ ಮೊದಲ ದಿನ ಕಾರಿನಲ್ಲಿ ಕೂತು ಅವಳು, "ಬಟ್ ಅಂಕಲ್ ಪ್ರಾಮಿಸ್ಡ್, ಅಮ್ಮ" ಎಂದಳು. ಪಾರ್ಕಿಂಗ್ ಲಾಟಿನ ಮಾತನ್ನು ನಾನು ಅವತ್ತು ಮನೆಗೆ ಬಂದು ಸಂತೋಷದಿಂದ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಹೌದು ಎಂದೆ.

ಕೊನೆಗೆ ಗಂಡನಿಗೆ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ನಾವು ಉಳಿದೆವು. ಆದರೆ ನಾನು ಮತ್ತೆ ಅವನ ವೀಸಾದ ನೆರಳಿನವಳಾದೆ, ಆ ನೆರಳಿನಲ್ಲಿ ಇರುವವರು ಕೆಲಸ ಮಾಡುವಂತಿಲ್ಲ. ಏಳು ವರ್ಷ ಹಾಗಿದ್ದೆ. ಗ್ರೋಸರಿ, ಮಗಳ ಪಿಯಾನೋ ಕ್ಲಾಸು, ಮತ್ತೆ ಗ್ರೋಸರಿ. ಫಾರಂಗಳಲ್ಲಿ ಉದ್ಯೋಗ ಎಂಬ ಜಾಗ ಬಂದಾಗ ಪೆನ್ನು ಹಾಗೇ ನಿಲ್ಲುತ್ತಿತ್ತು. ಏಳು ವರ್ಷದ ಮೇಲೆ ಗ್ರೀನ್ ಕಾರ್ಡಿನ ಕಾಗದ ಬಂದಾಗ ನನ್ನ ಜರ್ಮನ್ ತುಕ್ಕು ಹಿಡಿದಿತ್ತು. ಒಂದು ಸ್ಕೂಲಿನ ಆಫೀಸಿನಲ್ಲಿ ಸೇರಿದೆ. ಈಗಲೂ ಅಲ್ಲೇ ಇದ್ದೇನೆ. ಕೆಲಸ ಕೆಟ್ಟದ್ದಲ್ಲ.

ಚಾನೆಲ್ಲಿನ ಪುಸ್ತಕ ಆಫೀಸು ಮುಚ್ಚಿದ ಕೆಲವು ತಿಂಗಳಿಗೆ ಅಂಚೆಯಲ್ಲಿ ಬಂದಿತ್ತು, ಒಳಗೆ ಒಂದು ಸಾಲಿನ ಕಾಗದವೂ ಇಲ್ಲದೆ. ಬಣ್ಣದ ಚಿತ್ರಗಳು, ಚೆಂದದ ಅಚ್ಚು. ನನ್ನ ವಾಕ್ಯಗಳು ಬಹುಪಾಲು ಹಾಗೇ ಇದ್ದವು. ಕೊನೆಯಲ್ಲಿ ನಾನು ಕ್ಯಾಂಪ್‌ಬೆಲ್‌ನ ಏಳು ಜನರ ಹೆಸರು ಬರೆದಿದ್ದೆ. ಅಲ್ಲಿ ಈಗ, ಸಂಗ್ರಹವನ್ನು ಕ್ಯಾಲಿಫೋರ್ನಿಯಾದಲ್ಲಿ ಕ್ರಮಕ್ಕೆ ತರಲಾಯಿತು ಎಂದು ಒಂದು ಸಾಲು, ಪಕ್ಕದಲ್ಲಿ ಅವರ ಫೋಟೋ.

ಆ ಚಾನೆಲ್ಲಿನ ಮುಂದಿನ ಸುದ್ದಿ ಅಲ್ಲಿ ಇಲ್ಲಿ ಕಿವಿಗೆ ಬೀಳುತ್ತಿತ್ತು. ಮೂಲ ಕಂಪನಿ ಮುಳುಗಿ ಚಾನೆಲ್ಲು ಬೇರೆಯವರ ಕೈಗೆ ಹೋಯಿತು, ಅವರಿಂದ ಇನ್ನೊಬ್ಬರ ಕೈಗೆ. ಹೊಸಬರು ಬಂದು ಎರಡೇ ವರ್ಷಕ್ಕೆ ಅಣ್ಣನನ್ನೂ ಮನೆಗೆ ಕಳಿಸಿದರು. ಬಹಳ ವರ್ಷಗಳ ಮೇಲೆ ಚಾನೆಲ್ಲೇ ನಿಂತಿತು. ನಾನು ಸಂತೋಷಪಡಲಿಲ್ಲ. ಸಂತೋಷವಾಗಬಹುದು ಎಂದುಕೊಂಡಿದ್ದೆ.

ಹೋದ ವರ್ಷ ಒಂದು ಶನಿವಾರ ಫೋನು ಬಂತು. "ನಾನು ಕಣವ್ವ" ಅಂದರು. ಅಷ್ಟೇ ಸಾಕಾಯಿತು. ವೈದ್ಯೆಯಾಗಿರುವ ಮಗಳು ಕ್ಯುಪರ್ಟಿನೋದಲ್ಲಿ ಮನೆ ಮಾಡಿದ್ದಾಳೆ, ನಾವು ಗಂಡ ಹೆಂಡತಿ ಇಬ್ಬರೂ ಇಲ್ಲಿಗೇ ಬಂದುಬಿಟ್ಟಿದ್ದೇವೆ, ಬಾ ಎಂದರು. ಹೋಗಬೇಡ ಎಂದ ನನ್ನ ಗಂಡ. ಭಾನುವಾರ ಮಧ್ಯಾಹ್ನ ಒಬ್ಬಳೇ ಹೋದೆ.

ಹಿತ್ತಲಿನ ನಿಂಬೆಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಡಕಲಾಗಿದ್ದರು, ಮಾತು ಮಾತ್ರ ಹಾಗೇ. ನನ್ನ ಮಗಳು ಈಗ ಏನು ಮಾಡುತ್ತಾಳೆ ಎಂದು ಕೇಳಿದರು. ತಮ್ಮನ್ನು ಚಾನೆಲ್ಲಿನವರು ಹೇಗೆ ಒಂದು ಕಾಗದ ಕೊಟ್ಟು ಕಳಿಸಿದರು ಎಂದು ಬಹಳ ಹೊತ್ತು ಹೇಳಿದರು. ಅದರಿಂದ ನಾವಿಬ್ಬರೂ ಸಮ ಆದೆವು ಎನ್ನುವ ಹಾಗಿತ್ತು ಅವರ ದನಿ. ನಾನು ವರ್ಷಗಟ್ಟಲೆ ಪಾತ್ರೆ ತೊಳೆಯುತ್ತಾ, ಕಾರು ಓಡಿಸುತ್ತಾ ಸಿದ್ಧ ಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವತ್ತು ಪಾರ್ಕಿಂಗ್ ಲಾಟಿನಲ್ಲಿ ನಿಜ ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದೆ.

ಅವರು ತಡಮಾಡಲಿಲ್ಲ. "ಹೇಳಿದ್ರೆ ನೀನು ಹೊಂಟೋಗ್ತಿದ್ದೆ. ನೀನು ಹೋದ್ರೆ ಕ್ಯಾಟಲಾಗು ನಿಂತೋಗದು. ಅದು ನಿಂತ್ರೆ ನನ್ನ ಅಲ್ಲಿಗೆ ಕರ್ಕತಿರ್ಲಿಲ್ಲ."

"ಅಷ್ಟೇನಾ ಅಣ್ಣ?"

"ಅಷ್ಟೇ ಕಣವ್ವ."

ನನ್ನೊಳಗೆ ಇನ್ನೊಂದು ಪ್ರಶ್ನೆ ಇತ್ತು. ಇಷ್ಟು ವರ್ಷ ಅವರನ್ನು ಪೂರ್ತಿ ದ್ವೇಷಿಸಲು ಬಿಡದೆ ತಡೆದದ್ದು ಅದು. ಫ್ಯಾಕ್ಸು ಇದ್ದ ಪೆಟ್ಟಿಗೆಯನ್ನು ಅವರೇ ತಂದು ನನ್ನ ಕಾಲ ಬಳಿ ಇಟ್ಟಿದ್ದರಲ್ಲ. ಬಾಯಿಬಿಟ್ಟು ಹೇಳಲಾರದೆ, ನಾನೇ ಓದಿಕೊಳ್ಳಲಿ ಎಂದು ಇಟ್ಟಿರಬಹುದು ಎಂದುಕೊಂಡಿದ್ದೆ. ತಡವಾಗಿಯಾದರೂ, ವಾರೆಯಾಗಿಯಾದರೂ ಹೇಳಿದರು ಎಂದುಕೊಂಡಿದ್ದೆ. ಅದನ್ನು ಕೇಳಿದೆ. ಆ ಪೆಟ್ಟಿಗೆಯನ್ನು ಬೇಕಂತಲೇ ಕೊಟ್ಟಿರಾ ಎಂದು.

ಅವರು ನನ್ನ ಮುಖ ನೋಡಿದರು. ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳಲು ಪ್ರಯತ್ನ ಪಡುತ್ತಿದ್ದರು, ಅದು ಗೊತ್ತಾಗುತ್ತಿತ್ತು.

"ಯಾವ ಪೆಟ್ಟಿಗೆ?" ಅಂದರು.

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದರು. ಇವರು ನಿಮ್ಮ ಸುದ್ದಿ ಆಡದ ದಿನವಿಲ್ಲ, ನನ್ನ ತಂಗಿ ಅಂತಲೇ ಹೇಳೋದು ಎಂದರು ಆಕೆ. ನಾನು ಕಾಫಿ ಪೂರ್ತಿ ಕುಡಿದೆ. ಚಕ್ಕುಲಿ ಕೂಡ ತಿಂದೆ. ಹೊರಡುವಾಗ ಅವರು ಬಾಗಿಲವರೆಗೆ ಬಂದು, ಹಳೇ ಟೇಪುಗಳು ಒಂದಿಷ್ಟು ಉಳಿದಿವೆ, ಮುಂದಿನ ಭಾನುವಾರ ಬಂದರೆ ಇಬ್ಬರೂ ಕೂತು ನೋಡಬಹುದು ಎಂದರು.

"ಬರ್ತೀನಿ ಅಣ್ಣ" ಎಂದೆ. ಹೇಳುವಾಗಲೇ ನನಗೆ ಹೋಗುವುದಿಲ್ಲ ಎಂದು ಗೊತ್ತಿತ್ತು. ಅವರಿಗೆ ಗೊತ್ತಾಗಲಿಲ್ಲ. ದನಿ ಅಷ್ಟು ಚೆನ್ನಾಗಿ ಕೂತಿತ್ತು.

ಅವರು ತೀರಿಹೋದದ್ದು ಅದಾಗಿ ಎರಡು ತಿಂಗಳಿಗೆ. ಫೋನು ಮಾಡಿದ್ದು ಅವರ ಹೆಂಡತಿ. ಹೇಗಾಯಿತು ಎಂದೆಲ್ಲ ಹೇಳಿದ ಮೇಲೆ, ಯಾವ ಆಪಾದನೆಯೂ ಇಲ್ಲದ ದನಿಯಲ್ಲಿ ಆಕೆ ಇನ್ನೊಂದು ಮಾತು ಹೇಳಿದರು. ನಾನು ಹೋಗಿ ಬಂದ ಮೇಲೆ ಮೂರು ಭಾನುವಾರ ಅವರು ಮಧ್ಯಾಹ್ನ ಮಲಗಲಿಲ್ಲವಂತೆ. ಅವಳು ಬತ್ತೀನಿ ಅಂದವ್ಳೆ, ಹೇಳಿದ್ಮೇಲೆ ಬತ್ತಾಳೆ ಎಂದು, ಇಸ್ತ್ರಿ ಅಂಗಿ ಹಾಕಿಕೊಂಡು ಮುಂಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತಿರುತ್ತಿದ್ದರಂತೆ.